ಇಲಿಗೆ ಎಪ್ಪತ್ತನಾಲ್ಕು, ಹಕ್ಕಿಗೆ ಅರವತ್ತೊಂದು

ಆಗಿನ್ನೂ ಇಟ್ಟಮಡುವಿನ ನಮ್ಮ ಬೀದಿಯಲ್ಲಿ ಕಂಪ್ಯೂಟರ್ ಇದ್ದ ಮನೆಗಳು ಮೂರೋ ನಾಲ್ಕೋ. ಅದನ್ನು ಆನ್ ಮಾಡುವುದು ಒಂದು ಕೆಲಸವಾದರೆ ಅದು ಏಳುವವರೆಗೆ ಕಾಯುವುದು ಇನ್ನೊಂದು ಕೆಲಸ. ಬಟನ್ ಒತ್ತಿ, ಅಡುಗೆಮನೆಗೆ ಹೋಗಿ ಒಂದು ಲೋಟ ಮಜ್ಜಿಗೆ ಕುಡಿದು, ಬಾಯಿ ಒರೆಸಿಕೊಂಡು ಬಂದರೂ ಅದು ಗುರ್ ಎನ್ನುತ್ತಲೇ ಇರುತ್ತಿತ್ತು. ನಿಮ್ಮಲ್ಲಿ ಕೆಲವರ ಮನೆಯಲ್ಲಾದರೂ ಹೀಗೇ ಇದ್ದಿರಬೇಕು. ಇದಕ್ಕೆ ಯಾರೂ ಬೇಸರ ಮಾಡಿಕೊಂಡ ನೆನಪಿಲ್ಲ. ಕಂಪ್ಯೂಟರ್ ಎಂದರೆ ಕಾಯಬೇಕು ಅಂತಲೇ ನಾವು ತಿಳಿದಿದ್ದೆವು.

ನಾನು ಆರನೇ ಕ್ಲಾಸು ಮುಗಿಸಿದ ಬೇಸಿಗೆ ರಜೆಯ ಮಾತು ಇದು. ಆ ವರ್ಷ ಸಂಕ್ರಾಂತಿ ಕಳೆದ ನಾಲ್ಕನೇ ದಿನಕ್ಕೆ ನಮ್ಮ ಅಜ್ಜಿ, ಅಂದರೆ ಅಮ್ಮನ ಅಮ್ಮ, ತೀರಿಕೊಂಡಿದ್ದರು. ಕೊನೆಯ ಆರು ವರ್ಷ ಅವರು ನಮ್ಮ ಜೊತೆಗೇ ಇದ್ದದ್ದು. ಅವರು ಹೋದಾಗ ನಾನು ಅಳಲಿಲ್ಲ. ಬಂದವರೆಲ್ಲ ನನ್ನ ತಲೆ ಸವರಿ ‘ಗಟ್ಟಿ ಹುಡುಗಿ’ ಎಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ತುಂಬ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲು ಜೋಮು ಹಿಡಿದು, ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ನನಗೆ ಮೈಯೆಲ್ಲ ಹಾಗಾಗಿತ್ತು. ಅಮ್ಮನಿಗೂ ಹಾಗೇ ಆಗಿತ್ತು ಅಂತ ಕಾಣುತ್ತದೆ. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂದು ಮೂರು ಸಲ ಕೇಳುತ್ತಿದ್ದಳು, ಉತ್ತರ ಕೇಳಿಸಿಕೊಳ್ಳುತ್ತಿರಲಿಲ್ಲ.

ಮಾರ್ಚಿನಲ್ಲಿ ಶಿವು ಮಾಮ ಬಂದ. ಅಮ್ಮನ ಒಬ್ಬನೇ ತಮ್ಮ. ಬಿಟಿಎಂನ ಒಂದು ಪಿಜಿಯಲ್ಲಿದ್ದುಕೊಂಡು ಅಲ್ಲೇ ಒಂದು ಆಫೀಸಿನಲ್ಲಿ ಕಂಪ್ಯೂಟರ್ ರಿಪೇರಿ ನೋಡಿಕೊಳ್ಳುತ್ತಿದ್ದ. ಆ ಆಫೀಸು ಮುಚ್ಚಿತು. ಎರಡು ಬ್ಯಾಗು, ಒಂದು ರಟ್ಟಿನ ಡಬ್ಬದ ತುಂಬ ಸಿಡಿ ತೆಗೆದುಕೊಂಡು ಬಂದವನು ಹಾಲ್‌ನಲ್ಲಿ ಅಜ್ಜಿಯ ಮಂಚದ ಮೇಲೆ ಕೂತ. ಹಿಂದೆಲ್ಲ ಭಾನುವಾರ ಬಂದರೆ ನನ್ನನ್ನು ‘ಮಗಾ’ ಎಂದು ಕರೆದು ತಲೆಗೆ ಮೊಟಕಿ ಮನೆಯನ್ನೇ ಎತ್ತಿ ಕುಣಿಸುತ್ತಿದ್ದವನು, ಈಗ ಊಟಕ್ಕೆ ಕರೆದರೆ ಏಳುತ್ತಿದ್ದ, ಬಡಿಸಿದಷ್ಟು ತಿನ್ನುತ್ತಿದ್ದ, ಮತ್ತೆ ಹೋಗಿ ಕೂರುತ್ತಿದ್ದ. ಅಜ್ಜಿ ಹೋದ ಸುದ್ದಿ ಬಂದದ್ದು ಅವನ ಮೊಬೈಲಿಗೆ. ಅವತ್ತಿನಿಂದ ಆ ಫೋನನ್ನು ಅವನು ಆನ್ ಮಾಡಿರಲಿಲ್ಲ. ಬ್ಯಾಗಿನ ತಳದಲ್ಲಿ ಕರ್ಚೀಫು ಸುತ್ತಿ ಇಟ್ಟಿದ್ದ.

ಅಪ್ಪನದು ಸಾರಕ್ಕಿ ಮಾರ್ಕೆಟ್ಟಿನ ಹತ್ತಿರ ಗ್ರಂಧಿಗೆ ಅಂಗಡಿ. ವಿಭೂತಿ, ಕರ್ಪೂರ, ಬಜೆ, ಅಳಲೆಕಾಯಿ ಮಾರುವ ಅಂಗಡಿ. ಅಪ್ಪನ ಅಂಗಿಯಲ್ಲಿ ಸದಾ ಊದುಬತ್ತಿಯ ವಾಸನೆ ಇರುತ್ತಿದ್ದುದರಿಂದ ನನ್ನ ಗೆಳತಿಯರು ಅವರನ್ನು ‘ದೇವಸ್ಥಾನ ಅಂಕಲ್’ ಎನ್ನುತ್ತಿದ್ದರು. ಆ ಅಂಗಡಿಗೆ ಕರ್ಪೂರಕ್ಕೆ ಬರುತ್ತಿದ್ದ ಒಬ್ಬ ಮೇಡಂ ಅಲ್ಲೇ ಹತ್ತಿರದ ಒಂದು ಸಣ್ಣ ಶಾಲೆಯ ಮುಖ್ಯಸ್ಥೆ. ಯಾವುದೋ ಆಫೀಸಿನವರು ತಮ್ಮ ಹಳೆಯ ಎಂಟು ಕಂಪ್ಯೂಟರುಗಳನ್ನು ಅವರ ಶಾಲೆಗೆ ದಾನ ಕೊಟ್ಟಿದ್ದರು. ಅಪ್ಪ ಭಾಮೈದನ ವಿಷಯ ಎತ್ತಿದರು. ಮಾರನೇ ದಿನ ಮಾಮನ ಜೊತೆ ನಾನೂ ಹೋದೆ.

ಮೇಡಂ ನೇರ ಮಾತಿನವರು. ಕನ್ನಡಕ ಮೇಲೆತ್ತಿ, “ನೋಡಿ ಶಿವಕುಮಾರ್, ನಮ್ಮ ಪೀರಿಯಡ್ಡು ಮೂವತ್ತೈದು ನಿಮಿಷ. ಇವು ಏಳೋದ್ರೊಳಗೆ ಮಕ್ಕಳು ನಿದ್ದೆ ಮಾಡ್ತಾವೆ. ಹೊಸದು ತರೋ ಶಕ್ತಿ ನಮಗಿಲ್ಲ. ಇವನ್ನೇ ಬೇಗ ಏಳೋ ಹಾಗೆ ಮಾಡಿಕೊಡಿ. ಜೂನ್ ಮೊದಲನೇ ವಾರ ನಾನೇ ನಿಂತು ನೋಡ್ತೀನಿ. ಸರಿ ಹೋದ್ರೆ ಕಂಪ್ಯೂಟರ್ ಮೇಷ್ಟ್ರು ನೀವೇ” ಎಂದರು.

“ಆಗಲಿ ಮೇಡಂ” ಎಂದ ಮಾಮ. ಅಷ್ಟೇ ಅಂದದ್ದು.

ಎಂಟರಲ್ಲಿ ಒಂದನ್ನು ಪ್ರಯೋಗಕ್ಕೆಂದು ಆಟೋದಲ್ಲಿ ಹೇರಿಕೊಂಡು ಬಂದೆವು. ದಪ್ಪ ಬೆನ್ನಿನ ಮಾನಿಟರ್ ನನ್ನ ತೊಡೆಯ ಮೇಲೆ. ಕದಿರೇನಹಳ್ಳಿ ಬರುವ ಹೊತ್ತಿಗೆ ಎರಡೂ ತೊಡೆ ನನ್ನವಲ್ಲ ಅನ್ನಿಸುತ್ತಿತ್ತು. ಮನೆಗೆ ಬಂದು ಮಾಮ ಅದರ ಡಬ್ಬ ಬಿಚ್ಚಿದ. ಒಳಗಿನಿಂದ ಸುಟ್ಟ ಧೂಳಿನ ವಾಸನೆ, ಸತ್ತ ಎರಡು ಜಿರಲೆ. “ಇನ್ನೂರ ಐವತ್ತಾರು ಎಂಬಿ ಮೆಮೊರಿ” ಎಂದು ತನ್ನಷ್ಟಕ್ಕೆ ಹೇಳಿಕೊಂಡ. “ಇದಕ್ಕೆ ಲಿನಕ್ಸೇ ಸರಿ. ಆದರೆ ಹಗುರ ಇರೋದು ಬೇಕು.”

“ಹಗುರ ಅಂದ್ರೆ?”

ಅಜ್ಜಿ ಹೋದ ಮೂರು ತಿಂಗಳಲ್ಲಿ ಮೊದಲ ಸಲ ಅವನು ನನ್ನ ಮುಖ ನೋಡಿ ಮಾತಾಡಿದ. “ಲಿನಕ್ಸ್ ಅಂದ್ರೆ ಒಲೆ ಅನ್ಕೊ. ನಿನಗೆ ಪರದೆ ಮೇಲೆ ಕಾಣೋ ಮೆನು, ಬಟನ್ನು, ಕಿಟಕಿ ಇದೆಯಲ್ಲ, ಅದು ಡೆಸ್ಕ್‌ಟಾಪು. ಒಲೆ ಮೇಲಿಡೋ ಪಾತ್ರೆ. ಬೇಕಾದಷ್ಟು ಥರ ಪಾತ್ರೆ ಸಿಗತ್ತೆ. ಒಲೆ ಚಿಕ್ಕದಿದ್ರೆ ಅದರ ಮೇಲೆ ಹಂಡೆ ಕೂರಿಸೋದು ಯಾಕೆ? ಯಾವ ಪಾತ್ರೆ ಬೇಗ ಕಾಯತ್ತೆ, ಯಾವುದು ಕಡಿಮೆ ಸೌದೆ ತಿನ್ನತ್ತೆ, ಅದನ್ನ ನೋಡಬೇಕು.”

ನೋಡಬೇಕಾದದ್ದು ಎರಡು ಅಂತ ಆಯಿತು: ಎಷ್ಟು ಬೇಗ ಏಳುತ್ತದೆ, ಎದ್ದ ಮೇಲೆ ಎಷ್ಟು ಮೆಮೊರಿ ತಿನ್ನುತ್ತದೆ. ಎರಡನೆಯದು ಸುಲಭ. ಕಪ್ಪು ಕಿಟಕಿ ತೆರೆದು ನಾಲ್ಕಕ್ಷರ ಟೈಪ್ ಮಾಡಿದರೆ ತಿಂದದ್ದೆಷ್ಟು, ಉಳಿದದ್ದೆಷ್ಟು ಎಂದು ಕಂಪ್ಯೂಟರೇ ಹೇಳುತ್ತಿತ್ತು. ಮೊದಲನೆಯದಕ್ಕೆ ಗಡಿಯಾರ ಬೇಕಿತ್ತು. ಗೋಡೆಯ ಗಡಿಯಾರಕ್ಕೆ ಸೆಕೆಂಡಿನ ಮುಳ್ಳೇ ಇರಲಿಲ್ಲ. ಮಾಮನ ಫೋನಿನಲ್ಲಿ ಸ್ಟಾಪ್‌ವಾಚ್ ಇತ್ತು. ನಾನು ಅದನ್ನು ನೆನಪಿಸಿದೆ. ಅವನು ಬ್ಯಾಗನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದ.

ಆಗ ನಾನು ದೇವರ ಗೂಡಿನಿಂದ ಅಜ್ಜಿಯ ಜಪಮಾಲೆ ತಂದೆ.

ನೂರೆಂಟು ರುದ್ರಾಕ್ಷಿಯ ಮಾಲೆ ಅದು. ಅಜ್ಜಿಯ ಬೆರಳು ಓಡಾಡಿ ಮಣಿಗಳೆಲ್ಲ ನುಣ್ಣಗೆ, ಹುಣಸೆಬೀಜದ ಬಣ್ಣಕ್ಕೆ ಬಂದಿದ್ದವು. ದಿನಾ ಬೆಳಿಗ್ಗೆ ಅವರು ಲಿಂಗಪೂಜೆ ಮುಗಿಸಿ ಜಪಕ್ಕೆ ಕೂರುವಾಗ ಪಕ್ಕದಲ್ಲಿ ನನ್ನನ್ನೂ ಕೂರಿಸಿಕೊಳ್ಳುತ್ತಿದ್ದರು. ಒಂದು ಮಣಿಗೆ ಒಂದು ‘ಓಂ ನಮಃ ಶಿವಾಯ’. “ಓಡಬಾರದು, ತೂಕಡಿಸಬಾರದು. ಮೊದಲನೇ ಮಣಿಗೂ ಕೊನೇ ಮಣಿಗೂ ಒಂದೇ ನಡಿಗೆ ಇರಬೇಕು” ಎನ್ನುತ್ತಿದ್ದರು. ನಾನು ಓಡಿದರೆ ಮೊಣಕಾಲಿನ ಮೇಲೆ ಮೆಲ್ಲಗೆ ಒಂದೇಟು ಬೀಳುತ್ತಿತ್ತು. ಆರು ವರ್ಷ ಪಕ್ಕದಲ್ಲಿ ಕೂತು ಅವರ ನಡಿಗೆ ನನ್ನ ಬಾಯಿಗೆ ಅಂಟಿಕೊಂಡಿತ್ತು. ಅವರು ಸೌಟು ತಿರುಗಿಸುವಾಗ, ಹೂ ಕಟ್ಟುವಾಗ ನಾನು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಲೇ ಅದನ್ನು ಹೇಳಿಕೊಳ್ಳಬಲ್ಲವಳಾಗಿದ್ದೆ.

“ಇದರಲ್ಲಿ ಎಣಿಸ್ತೀನಿ ಮಾಮ. ನನ್ನ ಎಣಿಕೆ ತಪ್ಪಲ್ಲ” ಎಂದೆ.

ಹೀಗೆ ಶುರುವಾಯಿತು. ಕಂಪ್ಯೂಟರಿನ ವೇಗವನ್ನು ನಮಃ ಶಿವಾಯದಲ್ಲಿ ಅಳೆದವರು ಜಗತ್ತಿನಲ್ಲಿ ನಾವಿಬ್ಬರೇ ಇರಬೇಕು. ಮಾಮ “ಹ್ಞೂಂ” ಎಂದು ಬಟನ್ ಒತ್ತುತ್ತಿದ್ದ. ನಾನು ಮಣಿ ಜರುಗಿಸಲು ಶುರು ಮಾಡುತ್ತಿದ್ದೆ. ಪರದೆ ಪೂರ್ತಿ ಬಂದು, ಮೆನು ಒತ್ತಿದರೆ ತೆರೆದುಕೊಂಡ ಕೂಡಲೇ ಅವನು “ಸಾಕು” ಎನ್ನುತ್ತಿದ್ದ. ಸಂಖ್ಯೆಯನ್ನು ನನ್ನ ಆರನೇ ಕ್ಲಾಸಿನ ವಿಜ್ಞಾನದ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ಬರೆಯುತ್ತಿದ್ದೆ. ಪ್ರತಿಯೊಂದಕ್ಕೂ ಮೂರು ಸಲ. ನಡುವೆ ಕಂಪ್ಯೂಟರ್ ತಣ್ಣಗಾಗಬೇಕೆಂದು ಆರಿಸಿ ಕಾಯುತ್ತಿದ್ದೆವು. ಆ ಹೊತ್ತಿನಲ್ಲಿ ಉಪ್ಪು ಖಾರ ಸವರಿದ ಮಾವಿನಕಾಯಿ ಹೋಳು ತಿನ್ನುತ್ತಿದ್ದೆವು.

ಸಿಡಿಯ ಜೊತೆ ಬಂದಿದ್ದ ದೊಡ್ಡ ಡೆಸ್ಕ್‌ಟಾಪು ನೋಡಲು ಚೆಂದ ಇತ್ತು. ಆದರೆ ಒಂದು ಸುತ್ತು ಮಾಲೆ ಮುಗಿದು ಎರಡನೇ ಸುತ್ತಿಗೆ ಬಿದ್ದರೂ ಅದು ಏಳಲಿಲ್ಲ. ಅಡುಗೆಮನೆಯಿಂದ ಅಮ್ಮ, “ಅಷ್ಟು ಹೊತ್ತಿಗೆ ಒಂದು ಪೂಜೆನೇ ಮುಗಿಯತ್ತಲ್ಲೋ” ಎಂದಳು. ಆ ಪುಟ್ಟ ಮೆಷೀನಿಗೆ ಅಷ್ಟು ದೊಡ್ಡದನ್ನು ಹೊರಿಸಿದ್ದು ನಮ್ಮದೇ ತಪ್ಪು ಎಂದು ಮಾಮ ಅದನ್ನು ತೆಗೆದ. ಆಮೇಲಿನದು ಎಕ್ಸ್‌ಎಫ್‌ಸಿಇ. ಅದರ ಗುರುತು ಒಂದು ಇಲಿ, ಹಾಗಾಗಿ ನಮಗದು ಇಲಿ. ಎಪ್ಪತ್ತನಾಲ್ಕು ಮಣಿ. ಮೂರನೆಯದು ಎಲ್‌ಎಕ್ಸ್‌ಡಿಇ, ಅದರ ಗುರುತು ಹಕ್ಕಿ. ಅರವತ್ತೊಂದು ಮಣಿ. ಮೂರು ಸಲವೂ ಅರವತ್ತೊಂದೇ. ನಾಲ್ಕನೆಯದರಲ್ಲಿ ಬರೀ ಕಿಟಕಿ ತೆರೆಯುವ ವ್ಯವಸ್ಥೆ ಬಿಟ್ಟರೆ ಏನೂ ಇರಲಿಲ್ಲ. ಮೆನುವಿಲ್ಲ, ಚಿತ್ರವಿಲ್ಲ, ಬೂದು ಬಣ್ಣದ ಖಾಲಿ ಪರದೆ. ಅದಕ್ಕೆ ‘ಬೋಳ’ ಎಂದು ಹೆಸರಿಟ್ಟೆ. ನಲವತ್ತೆಂಟಕ್ಕೇ ಎದ್ದು ನಿಂತಿತು, ಮೆಮೊರಿ ತಿಂದದ್ದೂ ಎಲ್ಲಕ್ಕಿಂತ ಕಡಿಮೆ. “ಮಕ್ಕಳು ಹೆದರ್ಕೊತಾರೆ, ಕೆಟ್ಟು ಹೋಗಿದೆ ಅನ್ಕೊತಾರೆ” ಎಂದು ಮಾಮ ಅದನ್ನೂ ಕೈಬಿಟ್ಟ. ಆದರೆ ಆರಿಸುವ ಮುಂಚೆ ಆ ಖಾಲಿ ಪರದೆಯ ಮುಂದೆ ತುಂಬ ಹೊತ್ತು ಕೂತಿದ್ದ. “ನಂಗೆ ಇಷ್ಟೇ ಸಾಕು ಅನ್ಸತ್ತೆ ಕಣೆ” ಎಂದ. ನಾನು ಹೂಂ ಎಂದೆ.

ಅಂದರೆ ಮೊದಲ ವಾರದಲ್ಲೇ ಫಲಿತಾಂಶ ಸಿಕ್ಕಿತ್ತು. ಉಳಿದ ಎರಡರಲ್ಲಿ ಹಕ್ಕಿಯೇ ಬೇಗ, ಹಕ್ಕಿಯೇ ಹಗುರ. ಮಾಮ ಇನ್ನೊಮ್ಮೆ ನೋಡಿ ನಿಕ್ಕಿ ಮಾಡಿಕೊಳ್ಳೋಣ ಎಂದಿದ್ದ.

ಇನ್ನೊಂದು ಸಂಗತಿ ನಡೆಯುತ್ತಿತ್ತು. ನಾನು ಎಣಿಸಲು ಶುರು ಮಾಡಿದರೆ ಅಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಅಡುಗೆಮನೆ ಬಾಗಿಲಿಗೆ ಒರಗಿ ಕೂರುತ್ತಿದ್ದಳು. ಕಂಪ್ಯೂಟರಿನ ಕಡೆ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದಳು. ಮಾಮ ಸಾಕು ಎಂದ ಕೂಡಲೇ ಎದ್ದು ಹೋಗುತ್ತಿದ್ದಳು. ಯಾಕೆ ಬರುತ್ತಾಳೆ ಎಂದು ನಾನು ಯೋಚಿಸಲಿಲ್ಲ. ನನಗಾಗ ಹನ್ನೆರಡು ವರ್ಷ.

ಆಗ ಸಂಡಿಗೆಯ ಕಾಲ. ಬೆಳಿಗ್ಗೆ ಎದ್ದರೆ ಜೀರಿಗೆ, ಹಸಿಮೆಣಸಿನಕಾಯಿ ಬೆರೆತ ಅಕ್ಕಿ ಹಿಟ್ಟು ಬೇಯುವ ವಾಸನೆ ಮನೆ ತುಂಬ. ಒಂದು ದಿನ ತಾರಸಿಯ ಮೇಲೆ ಅಪ್ಪನ ಹಳೆಯ ಪಂಚೆ ಹಾಸಿ ಅಮ್ಮ ಸಂಡಿಗೆ ಇಡುತ್ತಿದ್ದಳು, ಅಪ್ಪ ಅಂಚಿಗೆ ಕಲ್ಲು ಇಡುತ್ತಿದ್ದರು. ಕಾಗೆ ಓಡಿಸಲು ಕೋಲು ಹಿಡಿದು ಮೆಟ್ಟಿಲು ಹತ್ತುತ್ತಿದ್ದ ನನಗೆ ಅಪ್ಪನ ಮಾತು ಕೇಳಿಸಿತು.

“ಸ್ಕೂಲ್ ಕೆಲಸ ಆಗ್ಬಿಟ್ರೆ ಸಾರಕ್ಕೀಲೇ ಶಿವೂಗೆ ಒಂದು ರೂಮು ನೋಡ್ತೀನಿ. ಈ ಎರಡು ರೂಮಲ್ಲಿ ಎಷ್ಟು ದಿನ ಅಂತ? ಅವನಿಗೂ ಒಂದು ಮದುವೆ ಅಂತ ಆಗಬೇಕಲ್ಲ.”

“ಹೂಂ ರೀ” ಎಂದಳು ಅಮ್ಮ, ತಲೆ ಎತ್ತದೆ.

ಅಪ್ಪ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಇವತ್ತು ಅದು ನನಗೆ ಅರ್ಥವಾಗುತ್ತದೆ. ಅವತ್ತು ನನಗೆ ಅರ್ಥವಾದದ್ದು ಒಂದೇ: ಹಕ್ಕಿ ಗೆದ್ದರೆ ಮಾಮ ಹೋಗುತ್ತಾನೆ. ಮಾಮ ಹೋದರೆ ಆ ಮನೆಯಲ್ಲಿ ಮತ್ತೆ ಸಾರಿಗೆ ಉಪ್ಪು ಹಾಕಿದ್ದೇನಾ ಎಂಬ ಮಾತೊಂದೇ ಉಳಿಯುತ್ತದೆ. ನನಗೆ ಅವನು ಇರಬೇಕಿತ್ತು. ಅಷ್ಟೇ.

ಅವತ್ತು ಹಕ್ಕಿಯ ಸರದಿ ಬಂದಾಗ ನಾನು ಓಡಿದೆ. ಜಾಸ್ತಿ ಅಲ್ಲ, ಸ್ವಲ್ಪ. ಮಣಿ ಬೇಗ ಬೇಗ ಜರುಗಿದರೆ ಅಷ್ಟೇ ಹೊತ್ತಿನಲ್ಲಿ ಹೆಚ್ಚು ಮಣಿ ಆಗುತ್ತವೆ, ಕಂಪ್ಯೂಟರ್ ನಿಧಾನ ಎಂದು ಕಾಣುತ್ತದೆ. ಹಕ್ಕಿಗೆ ಎಪ್ಪತ್ತೆಂಟು ಬಂತು. ಇಲಿಯ ಸರದಿಯಲ್ಲಿ ಬೇಕೆಂದೇ ತೂಕಡಿಸಿದೆ. ಅದಕ್ಕೆ ಅರವತ್ತಾರು. ಮೊಣಕಾಲಿನ ಮೇಲೆ ಏಟು ಕೊಡುವವರು ಯಾರೂ ಇರಲಿಲ್ಲ.

ಮಾಮ ನೋಟ್‌ಬುಕ್ ಎಳೆದುಕೊಂಡು ನೋಡಿದ. “ಅದೇ ಮೆಷೀನು, ಅದೇ ಡಿಸ್ಕು. ಮೊನ್ನೆ ಅರವತ್ತೊಂದು ಇದ್ದದ್ದು ಇವತ್ತು ಎಪ್ಪತ್ತೆಂಟು ಹೆಂಗಾಯ್ತು?”

“ಗೊತ್ತಿಲ್ಲ ಮಾಮ.”

ಮತ್ತೆ ಡಬ್ಬ ಬಿಚ್ಚಿದ. ಮೆಮೊರಿಯ ಪಟ್ಟಿ ಹೊರತೆಗೆದು, ನನ್ನ ಕಂಪಾಸ್ ಬಾಕ್ಸಿನ ರಬ್ಬರಿನಿಂದ ಅದರ ಹಳದಿ ಹಲ್ಲುಗಳನ್ನು ಉಜ್ಜಿದ. ಆ ರಬ್ಬರಿಗೆ ಸ್ಟ್ರಾಬೆರಿ ವಾಸನೆ ಇತ್ತು. ಫ್ಯಾನಿನ ಧೂಳು ಊದಿದ. ಅದು ನನ್ನ ಕಣ್ಣಿಗೆ ಬಿದ್ದು ಇಬ್ಬರೂ ಸೀನಿದೆವು. ಮಾರನೇ ದಿನ ಹಕ್ಕಿಗೆ ಅರವತ್ತೈದು ಕೊಟ್ಟೆ, ಅದರ ಮಾರನೇ ದಿನ ಎಂಬತ್ತು. ಮಾಮ ತಲೆ ಕೆರೆದುಕೊಂಡ. ಕರೆಂಟಿನ ಏರುಪೇರು ಇರಬೇಕು ಎಂದ, ಬೆಳಿಗ್ಗೆ ಒಂಬತ್ತಕ್ಕೆ ನೋಡೋಣ ಎಂದ, ಮಧ್ಯಾಹ್ನ ಬಿಸಿಲಿಗೆ ನೋಡೋಣ ಎಂದ. ಕಿಟಕಿಯ ಮೇಲೆ ಒದ್ದೆ ಗೋಣಿ ಕಟ್ಟಿ ರೂಮು ತಂಪು ಮಾಡಿ ನೋಡೋಣ ಎಂದ.

ಹೀಗೆ ತಲೆ ಕೆಡಿಸಿಕೊಂಡೇ ಅವನು ಮೆಲ್ಲಗೆ ಮನುಷ್ಯನಾಗತೊಡಗಿದ. ಊಟಕ್ಕೆ ಕರೆಯುವ ಮೊದಲೇ ಬಂದು ತಟ್ಟೆ ಹಾಕಿಕೊಂಡ. ಮಾವಿನಕಾಯಿ ಚಿತ್ರಾನ್ನ ಎರಡನೇ ಸಲ ಬಡಿಸಿಕೊಂಡ. ಒಂದು ಸಂಜೆ ಗುಡುಗು ಮಳೆ ಬಂದು, ಹಕ್ಕಿ ಇನ್ನೇನು ಏಳಬೇಕು ಅನ್ನುವಾಗ ಕರೆಂಟು ಹೋಯಿತು. ಮಾಮ ಬಿದ್ದು ಬಿದ್ದು ನಕ್ಕ. “ಮಗಾ, ಇದು ಸಖತ್ ಕೇಸು ಕಣೋ! ನಾವಿಬ್ರೂ ಸೇರಿ ಇದನ್ನ ಹಿಡಿಲೇಬೇಕು” ಎಂದು ನನ್ನ ತಲೆಗೆ ಮೊಟಕಿದ. ಆ ಮೊಟಕು ನನಗೆ ನೋವಾಯಿತು. ನೋವಾಗಿ ಎಷ್ಟು ದಿನವಾಗಿತ್ತೋ. ನನ್ನ ಸುಳ್ಳಿನಿಂದ ಒಳ್ಳೆಯದೇ ಆಗುತ್ತಿದೆ ಅಂದುಕೊಂಡೆ.

ಆದರೆ ಅಮ್ಮ ಬಾಗಿಲಿಗೆ ಬಂದು ಕೂರುವುದು ಕಡಿಮೆಯಾಗಿತ್ತು. ಒಂದು ಮಧ್ಯಾಹ್ನ ಬಂದು ಕೂತಳು. ಹಕ್ಕಿಯ ಸರದಿ. ನಾನು ಓಡುತ್ತಿದ್ದೆ. ಇಪ್ಪತ್ತು ಮಣಿ ಆಗಿರಬೇಕು, ಅಮ್ಮ ಕಣ್ಣು ತೆರೆದಳು.

“ಅಜ್ಜಿ ಹಂಗೆ ಹೇಳ್ತಿರ್ಲಿಲ್ಲ ಕಣೆ” ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಎದ್ದು ಒಳಗೆ ಹೋಗಿ ಮಿಕ್ಸಿ ಹಾಕಿದಳು. ರುಬ್ಬುವುದಕ್ಕೆ ಅವತ್ತು ಏನೂ ಇರಲಿಲ್ಲ ಎಂದು ನನಗೆ ಗೊತ್ತಿತ್ತು. ಖಾಲಿ ಮಿಕ್ಸಿ ಕೂಗುತ್ತಿತ್ತು. ನಾನು ಎಣಿಸುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಅಮ್ಮ ಬಾಗಿಲಿಗೆ ಬರಲಿಲ್ಲ.

ಮೇ ಕೊನೆಯ ವಾರ ಮಾಮ ನೋಟ್‌ಬುಕ್ ಮುಂದಿಟ್ಟುಕೊಂಡು ಕೂತ. ಹಕ್ಕಿ ಕಡಿಮೆ ತಿನ್ನುತ್ತದೆ ಎಂದು ಕಂಪ್ಯೂಟರ್ ಹೇಳುತ್ತಿತ್ತು, ಅದರಲ್ಲಿ ನನ್ನ ಕೈಚಳಕ ನಡೆಯುತ್ತಿರಲಿಲ್ಲ. ಇಲಿ ಬೇಗ ಏಳುತ್ತದೆ ಎಂದು ನನ್ನ ಪುಸ್ತಕ ಹೇಳುತ್ತಿತ್ತು. ಮೇಡಂ ಕೇಳಿದ್ದು ಬೇಗ ಏಳುವುದನ್ನು.

“ಏನ್ ಮಾಡೋಣ ಸಿಂಚು?” ಎಂದು ನನ್ನನ್ನು ಕೇಳಿದ.

ನಾನು ಆಗ ಬಾಯಿ ಬಿಡಬಹುದಿತ್ತು. ಮೇಡಂ ಮುಂದೆ ಮಾಮ ನಿಲ್ಲಬೇಕಾದ ದಿನ ನಿಜವಾಗಿಯೂ ಬರುತ್ತದೆ ಎಂದು ನಾನು ನಂಬಿರಲಿಲ್ಲ ಅಂತ ತೋರುತ್ತದೆ. ಪರೀಕ್ಷೆ ಹೀಗೇ ನಡೆಯುತ್ತಲೇ ಇರುತ್ತದೆ ಅಂದುಕೊಂಡಿದ್ದೆ. “ಪುಸ್ತಕದಲ್ಲಿ ಇದೆಯಲ್ಲ ಮಾಮ” ಎಂದೆ.

ಅವನು ನನ್ನನ್ನು ಒಂದು ಕ್ಷಣ ನೋಡಿದ. “ಸರಿ. ಇಲೀನೇ ಹಾಕೋಣ” ಎಂದ.

ನಾಲ್ಕು ದಿನ ಶಾಲೆಯಲ್ಲಿ ಕೂತು ಎಂಟಕ್ಕೂ ಇಲಿಯನ್ನು ಹಾಕಿದ. ಮೇಡಂ ನೋಡುವ ದಿನ ನಾನೂ ಹೋಗಿದ್ದೆ, ನೋಟ್‌ಬುಕ್ ಎದೆಗವಚಿಕೊಂಡು. ಎಂಟೂ ಒಟ್ಟಿಗೆ ಆನ್ ಆದವು. ಸುಮಾರಾಗಿ ಎದ್ದವು ಕೂಡ. ಮೇಡಂ “ಪರವಾಗಿಲ್ವೇ” ಎಂದು ಮೊದಲನೆಯದರ ಮುಂದೆ ಕೂತು, “ಮಕ್ಕಳು ಚಿತ್ರ ಬಿಡಿಸೋದು ತೆಗೀರಿ. ಹಾಗೇ ಕನ್ನಡ ಟೈಪಿಂಗೂ ತೆಗೀರಿ” ಎಂದರು. ಮಾಮ ತೆಗೆದ. ಡಬ್ಬದ ಕೆಂಪು ದೀಪ ಹತ್ತಿ ಹಾಗೇ ನಿಂತಿತು. ಒಳಗೆ ಡಿಸ್ಕು ಕರಕರ ಎನ್ನತೊಡಗಿತು. ಇದ್ದ ಮೆಮೊರಿ ಎಲ್ಲ ಖರ್ಚಾಗಿತ್ತು. ಹಕ್ಕಿಯಾಗಿದ್ದರೆ ಅಷ್ಟು ಜಾಗ ಉಳಿದಿರುತ್ತಿತ್ತು. ಇಲಿಯ ತಪ್ಪು ಏನೂ ಇಲ್ಲ, ಬೇರೆ ಮೆಷೀನಿನಲ್ಲಿ ಅದು ಚೆನ್ನಾಗಿಯೇ ಓಡುತ್ತಿತ್ತು. ಅದನ್ನು ಆ ಪುಟ್ಟ ಒಲೆಯ ಮೇಲೆ ಏರಿಸಿದವಳು ನಾನು.

ಮೇಡಂ ಕೈಗಡಿಯಾರ ನೋಡಿಕೊಂಡರು. ಚಿತ್ರ ಬಿಡಿಸುವ ಕಿಟಕಿ ಅರ್ಧ ಬಂದು ನಿಂತಿತ್ತು. ಎರಡನೆಯದರಲ್ಲೂ ಹಾಗೇ, ಮೂರನೆಯದರಲ್ಲೂ ಹಾಗೇ. ಕಾರಿಡಾರಿನಲ್ಲಿ ಬೆಲ್ ಹೊಡೆಯಿತು.

“ಬೆಲ್ ಆಯ್ತಲ್ಲ ಶಿವಕುಮಾರ್” ಎಂದರು ಮೇಡಂ, ಮೆತ್ತಗೆ.

“ಹೌದು ಮೇಡಂ.”

ಶಾಲೆಯ ಗೇಟಿನ ಹೊರಗೆ ನಾನು, “ಮಾಮ, ಹಕ್ಕಿ ಹಾಕಿ ನೋಡೋಣ. ಇನ್ನೊಂದು ವಾರ ಟೈಮ್ ಕೇಳು” ಎಂದೆ. ಅವನು ವಾಪಸ್ ಹೋಗಿ ಕೇಳಲಿಲ್ಲ. ಸಾರಕ್ಕಿ ಸಿಗ್ನಲ್ಲಿನ ಹತ್ತಿರ ನನಗೊಂದು ಎಳನೀರು ಕೊಡಿಸಿದ. ತಾನು ಕುಡಿಯಲಿಲ್ಲ. ಬಸ್ಸುಗಳು ಒಂದರ ಹಿಂದೊಂದು ನಿಂತು ಹಾರನ್ ಹೊಡೆಯುತ್ತಿದ್ದವು. ಕಾಯಿಯೊಳಗಿನ ಗಂಜಿ ತೆಗೆದು ತಿನ್ನುವಾಗ ಅದಕ್ಕೆ ಯಾವ ರುಚಿಯೂ ಇರಲಿಲ್ಲ.

ಕೆಲಸ ಸಿಗಲಿಲ್ಲ ಅಂದರೆ ಮಾಮ ಉಳಿಯುತ್ತಾನೆ ಎಂದು ನನ್ನ ಲೆಕ್ಕವಿತ್ತು. ಅವನು ಉಳಿಯಲಿಲ್ಲ. ಸೋತ ಮನುಷ್ಯ ಅಕ್ಕನ ಗಂಡನ ಮನೆಯಲ್ಲಿ ಹೇಗೆ ಕೂರುತ್ತಾನೆ ಎಂಬುದು ಹನ್ನೆರಡು ವರ್ಷದವಳಿಗೆ ಹೊಳೆಯುವ ಸಂಗತಿಯಲ್ಲ. ಅಪ್ಪ, “ಇರೋ ಶಿವು, ಅವಸರ ಏನಿಲ್ಲ” ಎಂದರು. “ಇಲ್ಲ ಭಾವ, ತುಮಕೂರಲ್ಲಿ ಫ್ರೆಂಡು ಕರೀತಿದಾನೆ. ನೋಡಿ ಬರ್ತೀನಿ” ಎಂದ. ನನ್ನ ಶಾಲೆ ಶುರುವಾದ ವಾರವೇ ಎರಡು ಬ್ಯಾಗು, ಸಿಡಿಯ ಡಬ್ಬ ತೆಗೆದುಕೊಂಡು ಹೊರಟ. ನಾನು ಗೇಟಿನಲ್ಲಿ ನಿಂತಿದ್ದೆ. ಆಗಲೂ ಅಳಲಿಲ್ಲ.

ಎಷ್ಟೋ ವರ್ಷಗಳಾದವು. ಅಪ್ಪ ಅಂಗಡಿ ಬಿಟ್ಟುಕೊಟ್ಟರು. ನಾವು ಜೆಪಿ ನಗರದ ಒಂದು ಫ್ಲ್ಯಾಟಿಗೆ ಬಂದಿದ್ದೇವೆ. ತಾರಸಿಗೆ ಬೀಗ, ಹಾಗಾಗಿ ಸಂಡಿಗೆ ಅಂಗಡಿಯದು. ಮಾಮ ತುಮಕೂರಿನಲ್ಲೇ ನೆಲೆ ನಿಂತು ಅಂಗಡಿಗಳಿಗೆ ಸಿಸಿಟಿವಿ ಹಾಕುತ್ತಾನೆ. ಹೊಟ್ಟೆ ಬಂದಿದೆ, ಇಬ್ಬರು ಮಕ್ಕಳು. ಈಚೆಗೆ ಒಂದು ಭಾನುವಾರ ಬಂದಿದ್ದ. ಊಟವಾದ ಮೇಲೆ ನಾನು ಲ್ಯಾಪ್‌ಟಾಪ್ ತೆರೆದೆ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದಿತು.

“ಇದಕ್ಕೆ ಒಂದು ಮಣಿನೂ ಜರುಗಲ್ಲ” ಎಂದ ಮಾಮ.

ಅವನಿಗೆ ನೆನಪಿದೆ ಎಂದು ಗೊತ್ತಾದ ಮೇಲೆ ಸುಮ್ಮನಿರಲು ಆಗಲಿಲ್ಲ. ಹೇಳಿದೆ. ಹಕ್ಕಿಗೆ ಓಡಿದ್ದು, ಇಲಿಗೆ ತೂಕಡಿಸಿದ್ದು, ತಾರಸಿಯ ಮೇಲೆ ಕೇಳಿಸಿಕೊಂಡದ್ದು, ಎಲ್ಲ. ಅಮ್ಮ ಬೆನ್ನು ಮಾಡಿ ನಿಂತು ಸಿಂಕಿನಲ್ಲಿ ಕುಕ್ಕರ್ ತೊಳೆಯುತ್ತಿದ್ದಳು.

“ಗೊತ್ತಿತ್ತು ಕಣೆ” ಎಂದ ಮಾಮ.

“ಯಾವಾಗಿಂದ?”

“ಕೊನೇ ವಾರ. ನೀನು ಭಾವಂಗೆ ಊಟ ತಗೊಂಡು ಅಂಗಡಿಗೆ ಹೋಗಿದ್ದೆ. ನಾನೇ ಮಾಲೆ ಹಿಡ್ಕೊಂಡು ಕೂತೆ. ನಂಗೆ ಅಜ್ಜಿ ನಡಿಗೆ ಬರಲ್ಲ, ಆದ್ರೆ ಎರಡಕ್ಕೂ ಒಂದೇ ಥರ ಎಣಿಸೋಕೆ ಬರತ್ತಲ್ಲ? ಹಕ್ಕಿನೇ ಬೇಗ ಇತ್ತು.”

“ಮತ್ತೆ ಇಲಿ ಯಾಕೆ ಹಾಕಿದೆ?”

ಅವನು ನನ್ನ ಲ್ಯಾಪ್‌ಟಾಪ್ ಮುಚ್ಚಿದ. “ಕೆಲಸ ಆದ್ರೆ ಬೇರೆ ರೂಮು ಅಂತ ಭಾವ ನಂಗೂ ಹೇಳಿದ್ರು. ನಂಗೂ ಹೋಗೋಕೆ ಇಷ್ಟ ಇರ್ಲಿಲ್ಲ ಸಿಂಚು. ನಮ್ಮಮ್ಮನ ಮಂಚ ಅಲ್ಲಿತ್ತು” ಎಂದ.

ಇಬ್ಬರೂ ಒಂದೇ ಮೋಸವನ್ನು ಒಬ್ಬರಿಗೊಬ್ಬರು ಹೇಳದೆ ಮಾಡಿದ್ದೆವು. ಆ ಸುಳ್ಳಿನಿಂದ ಇಬ್ಬರಿಗೂ ಸಿಕ್ಕಿದ್ದು ಒಟ್ಟಿಗೆ ಕೂತು ಮಣಿ ಎಣಿಸಿದ ಆ ಒಂದು ಬೇಸಿಗೆ. ಇದನ್ನು ಕೇಳಿ ನನಗೆ ಏನಾದರೂ ಆಗಬೇಕಿತ್ತು. ಸಿಂಕಿನ ನಲ್ಲಿ ನಿಂತ ಸದ್ದಷ್ಟೇ ಕೇಳಿಸಿತು.

ಆಗ ಅಮ್ಮ ಈ ಕಡೆ ತಿರುಗದೆಯೇ ಕೇಳಿದಳು. “ಸಿಂಚು, ಅಜ್ಜಿ ಹೇಳ್ತಿದ್ದ ಹಾಗೆ ಒಂದ್ಸಲ ಹೇಳೇ.”

ಮಾಲೆ ತಂದು ಕೂತೆ. ಮೊದಲ ಮಣಿ ಜರುಗಿಸಿದೆ, ಎರಡನೆಯದು, ಐದನೆಯದು. ಸ್ವಲ್ಪ ಬೇಗ ಅನ್ನಿಸಿತು. ನಿಧಾನ ಮಾಡಿದೆ. ತೀರಾ ನಿಧಾನ ಅನ್ನಿಸಿತು. ಅಮ್ಮ ಈಗ ಈ ಕಡೆ ತಿರುಗಿ ಕಣ್ಣು ಮುಚ್ಚಿ ನಿಂತಿದ್ದಳು, ಹುಬ್ಬು ಗಂಟಿಕ್ಕಿತ್ತು. “ಇಲ್ಲ” ಎಂದಳು. “ಇದಲ್ಲ.” ತಾನೇ ಹೇಳಿ ನೋಡಿದಳು. ಮೂರು ಮಣಿಗೆ ನಿಲ್ಲಿಸಿ, “ನಂಗೂ ಹೋಗ್ಬಿಟ್ಟಿದೆ” ಎಂದಳು. ಆರು ವರ್ಷ ಪಕ್ಕದಲ್ಲಿ ಕೂತು ಕಲಿತದ್ದನ್ನು ನಾನು ಒಂದೇ ಬೇಸಿಗೆಯಲ್ಲಿ ಕೆಡಿಸಿಕೊಂಡಿದ್ದೆ. ಅಜ್ಜಿಯ ಫೋಟೊ ಇದೆ, ಸೀರೆ ಇದೆ, ಮಾಲೆ ಇದೆ. ಅವರ ದನಿಯನ್ನು ಯಾರೂ ಹಿಡಿದಿಟ್ಟಿರಲಿಲ್ಲ. ಆ ನಡಿಗೆ ಇದ್ದದ್ದು ನನ್ನ ಬಾಯಲ್ಲಿ ಮಾತ್ರ.

ವಿಜ್ಞಾನದ ನೋಟ್‌ಬುಕ್ ಅಮ್ಮನ ಬೀರುವಿನಲ್ಲಿ ಇನ್ನೂ ಇದೆ. ಮಾಮ ಅದನ್ನು ತರಿಸಿಕೊಂಡು ಹಾಳೆ ತಿರುವಿದ. ಮೊದಲ ಪುಟ, ನಾನಿನ್ನೂ ಸುಳ್ಳು ಹೇಳದಿದ್ದ ವಾರದ್ದು. ಹಕ್ಕಿ, ಅರವತ್ತೊಂದು, ಅರವತ್ತೊಂದು, ಅರವತ್ತೊಂದು. ಅದರ ಮೇಲೆ ಬೆರಳಿಟ್ಟುಕೊಂಡು ರಿಪೇರಿಯವನ ದನಿಯಲ್ಲಿ ಹೇಳಿದ.

“ಇದು ನಮ್ಮಮ್ಮನ ನಡಿಗೆ. ಆ ಮೆಷೀನು ಇದ್ದಿದ್ರೆ ಸಾಕಾಗಿತ್ತು. ಹಕ್ಕಿ ಹಾಕಿ ಆನ್ ಮಾಡೋದು. ಅದು ಏಳೋ ಹೊತ್ತಿಗೆ ಸರಿಯಾಗಿ ಅರವತ್ತೊಂದು ಬರೋ ಹಾಗೆ ಹೇಳ್ಕೊಂಡ್ರೆ, ಅದೇ. ವಾಪಸ್ ಸಿಕ್ತಿತ್ತು.”

“ಆ ಕಂಪ್ಯೂಟರ್ ಎಲ್ಲಿದೆ?” ಎಂದಳು ಅಮ್ಮ.

ಆ ಶಾಲೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಎಂಟೂ ಗುಜರಿಗೆ ಹೋದದ್ದನ್ನು ಅಪ್ಪ ಅಂಗಡಿಯಿಂದ ಕಣ್ಣಾರೆ ನೋಡಿದ್ದರು. ಅದನ್ನು ಅಮ್ಮನಿಗೆ ಹೇಳಬೇಕಾಯಿತು.